ಆಗಲಿ ಎಂದವರು ಯಾರು?

ಪಕ್ಕದ ಊರು ಅಂತಲೇ ಇಟ್ಟುಕೊಳ್ಳಿ. ಅಲ್ಲೊಬ್ಬ ಶ್ರೀಮಂತನಿದ್ದ, ರೈಸ್ ಮಿಲ್ಲಿನ ಮಾಲೀಕ. ಮೂಗಿನ ತುದಿಯಲ್ಲೇ ಕೋಪ. ಸಾರಿಗೆ ಉಪ್ಪು ಒಂದು ಹರಳು ಹೆಚ್ಚಾದರೂ ತಟ್ಟೆ ತಳ್ಳಿಬಿಡುತ್ತಿದ್ದ. ಮೂವತ್ತೆಂಟು ವರ್ಷ ಅವನ ಹೆಂಡತಿ ಆ ತಟ್ಟೆ ಎತ್ತಿದಳು. ನೀವೇ ಹೇಳಿ, ಎಷ್ಟು ದಿನ ಸಹಿಸಬಹುದು?

ವಯಸ್ಸಾದಂತೆ ಅವನ ಕೈ ನಡುಗತೊಡಗಿತು. ದೊಡ್ಡಾಸ್ಪತ್ರೆಯಲ್ಲಿ ತಲೆಯೊಳಗೆ ಸಣ್ಣ ತಂತಿ ಇಟ್ಟು, ಎದೆಯ ಚರ್ಮದಡಿ ಬ್ಯಾಟರಿ ಕೂರಿಸಿ, ಮೆದುಳಿಗೆ ಸಣ್ಣಗೆ ಕರೆಂಟು ಹರಿಯುವಂತೆ ಮಾಡಿದರು. ನಡುಕ ನಿಂತಿತು. ನೋಡಿ, ಜೊತೆಗೆ ಕೋಪವೂ ಸ್ವಲ್ಪ ಇಳಿಯಿತು! ಹೆಂಡತಿಗೆ ಆಸೆಯಾಯಿತು. ಮುಂದಿನ ಸಲ ಹೋದಾಗ ಡಾಕ್ಟರ ಹತ್ತಿರ ಮೆಲ್ಲಗೆ, "ಕರೆಂಟು ಇನ್ನೊಂಚೂರು ಜಾಸ್ತಿ ಇಡಿ ಡಾಕ್ಟ್ರೇ, ಮನೇಲಿ ನೆಮ್ಮದಿ ಇರುತ್ತೆ" ಎಂದಳು. ಹೆಚ್ಚಿಸಲೇ ಎಂದು ಡಾಕ್ಟರು ಅವನನ್ನು ಕೇಳಿದರು. ನಡುಕಕ್ಕೇ ಇರಬೇಕೆಂದುಕೊಂಡು "ಆಗಲಿ" ಎಂದ. ಹೆಚ್ಚಿಸಿದರು.

ಅಲ್ಲಿಂದ ಎಲ್ಲಕ್ಕೂ ಆಗಲಿ. ಅವನ ತಾಯಿಯ ಹೆಸರಿನ ಮಿಲ್ಲಿಗೆ ಮಗ ಹೊಸ ಹೆಸರಿಡೋಣ ಎಂದ. ಆಗಲಿ. ಒಂದು ಮಧ್ಯಾಹ್ನ ಹೆಂಡತಿ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು. ಅವನು ಎರಡು ಸಲ ಹಾಕಿಸಿಕೊಂಡು ಉಂಡೆದ್ದ. ತಾನು ಉಣ್ಣಲು ಕೂತಾಗಲೇ ಅವಳಿಗೆ ಗೊತ್ತಾಗಿದ್ದು.

"ಉಪ್ಪಿಲ್ಲ ಅಂತ ಹೇಳ್ಬಾರ್ದಿತ್ತೇನ್ರೀ?"

"ಇರಲಿ ಬಿಡು."

ಅವನು ತಳ್ಳಿದ ತಟ್ಟೆ ಎತ್ತುತ್ತಿದ್ದ ದಿನಗಳಲ್ಲೂ ಅವಳು ಅಷ್ಟು ಅತ್ತಿರಲಿಲ್ಲ. ಗಂಡ ಎದುರಿಗೇ ಇದ್ದಾನೆ, ಆದರೆ ಜಗಳವಾಡಲು ಮನೆಯಲ್ಲಿ ಯಾರೂ ಇಲ್ಲ.

ಮರುದಿನವೇ ಆಸ್ಪತ್ರೆಗೆ ಕರೆದೊಯ್ದಳು. "ಮೊದಲಿನಷ್ಟಕ್ಕೆ ಇಳಿಸಿ, ಆಮೇಲೆ ಇವರನ್ನೇ ಕೇಳಿ" ಎಂದಳು. ಇಳಿಸಿದರು, ಕಾದರು, ಕೇಳಿದರು. ಅವನ ಮುಖ ಕೆಂಪಾಯಿತು. "ಕೈ ನಡುಗೋದು ನಿಲ್ಲಿಸಿ ಅಂತ ಬಂದೋನು ನಾನು. ಬಾಯಿ ಮುಚ್ಚಿಸಿ ಅಂದೋರು ಯಾರು?"

"ನಾನೇ" ಎಂದಳು ಹೆಂಡತಿ. "ತಟ್ಟೆ ಎತ್ತಿ ಎತ್ತಿ ಸಾಕಾಗಿತ್ತು."

"ನಂಗೊಂದು ಮಾತು ಹೇಳೋದಲ್ವಾ?"

"ಹೇಳಿದ್ರೆ ಯಾವತ್ತು ಕೇಳಿಸ್ಕೊಂಡಿದ್ರಿ?"

ಮಿಲ್ಲಿನ ಮಾಲೀಕ ಡಾಕ್ಟರ ಕಡೆ ತಿರುಗಿದ. "ಇಷ್ಟಕ್ಕೇ ಇರಲಿ ಡಾಕ್ಟ್ರೇ. ಕೋಪ ನಂದು, ನಾನೇ ನೋಡ್ಕೋತೀನಿ" ಎಂದ.

ಈಗ ನಿಮ್ಮ ಕಡೆ ಬರುತ್ತೇನೆ. ಚಿಕಿತ್ಸೆ ತಪ್ಪಲ್ಲ, ಬೇಕಾದವರಿಗೆ ಖಂಡಿತ ಕೊಡಿಸಿ. ಆದರೆ ಮನೆಯ ಹಿರಿಯರಿಗೆ ಸಮಾಧಾನದ ಮಾತ್ರೆ ಕೊಡುವಾಗ ಕೇಳಿಕೊಳ್ಳಿ, ಇದು ಅವರ ನೆಮ್ಮದಿಗೋ, ನನ್ನ ನೆಮ್ಮದಿಗೋ? ಬೇಡ ಎನ್ನಲಾಗದವರ "ಆಗಲಿ" ಒಪ್ಪಿಗೆಯಲ್ಲ. ಇನ್ನು ಯಾವ ತಂತಿಯೂ ಇಲ್ಲದೆ ನಿಮ್ಮ ಮಾತಿಗೆಲ್ಲ ಆಗಲಿ ಅನ್ನುವವರು ನಿಮ್ಮ ಮನೆಯಲ್ಲಿ ಇಲ್ಲವೇ? ಅವರನ್ನು ಹಾಗೆ ಮಾಡಿದ್ದು ಯಾವ ಡಾಕ್ಟರು?

ಇವತ್ತು ಮನೆಗೆ ಹೋಗಿ ಊಟಕ್ಕೆ ಕೂತಾಗ ಬಡಿಸುವವರನ್ನು ಒಂದು ಮಾತು ಕೇಳಿ: "ನಿನಗೆ ಬೇಡ ಅನ್ನಿಸಿದ್ದು ಏನಾದರೂ ಇದೆಯಾ?" ಕೇಳಿ, ತಟ್ಟೆಯನ್ನು ಹಿಡಿದುಕೊಂಡು ಸುಮ್ಮನೆ ಕೂತಿರಿ. ಉತ್ತರ ಬರಲು ಹೊತ್ತಾಗುತ್ತದೆ.