ಇಪ್ಪತ್ಮೂರನೆಯ ಕಂಬದ ರೀಡಿಂಗು

ಇದು ನಮ್ಮ ಓಣಿಯ ಸಿದ್ದಲಿಂಗೇಶನಿಗೆ ಆದದ್ದು. ಹೋದ ವರ್ಷ ಏಪ್ರಿಲ್ ತಿಂಗಳು. ನಡುರಾತ್ರಿಗೆ ಇನ್ನೊಂದು ತಾಸು ಬಾಕಿ ಇತ್ತು. ಸಾರವಾಡದ ಆಚೆ, ದ್ರಾಕ್ಷಿ ತೋಟಗಳ ನಡುವಿನ ಗಾಡಿದಾರಿಯಲ್ಲಿ ಅವನೊಬ್ಬನೇ ಡಾಂಬರು ರಸ್ತೆಯ ಕಡೆ ಹೊರಟಿದ್ದ. ಬಗಲಲ್ಲಿ ರಜಿಸ್ಟರು, ಹೆಗಲಿಗೆ ಮೀಟರಿನ ಚೀಲ, ಕೈಯಲ್ಲಿ ಟಾರ್ಚು. ಎಡಕ್ಕೊಂದು ಹಾಳು ಬಾವಿ, ಅದರ ಮೇಲೆ ಬಾಗಿದ ಆಲದ ಮರ. ಬಾವಿಯ ಒಳಗೆ ಪಾರಿವಾಳ ರೆಕ್ಕೆ ಬಡಿದ ಸದ್ದು... ಪಟ ಪಟ... ಆಮೇಲೆ ಏನೂ ಇಲ್ಲ.

ಅವನಿಗೆ ಹೆದರಿಕೆ ಆಗಿರಲಿಲ್ಲ. ಸಿಟ್ಟು ಬಂದಿತ್ತು.

ಸಿಟ್ಟು ಯಾಕೆ ಎಂದು ತಿಳಿಯಬೇಕಾದರೆ ಅವನ ಕೆಲಸ ಏನೆಂದು ಮೊದಲು ತಿಳಿಯಬೇಕು. ಆ ತೋಟಗಳ ಕೆಳಗೆ ಆಳೆತ್ತರದ ಉಕ್ಕಿನ ಪೈಪು ನೀರು ಹೊತ್ತು ಹೋಗುತ್ತದೆ. ಮಣ್ಣಲ್ಲಿ ಹೂತ ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಅದನ್ನು ತಡೆಯಲು ಪೈಪಿನ ಮೈಗೆ ಲೇಪ ಹಚ್ಚಿರುತ್ತಾರೆ, ಜೊತೆಗೆ ಸಣ್ಣ ಪ್ರಮಾಣದ ಕರೆಂಟನ್ನೂ ಕೊಡುತ್ತಾರೆ. ಆ ಕರೆಂಟು ಪೈಪಿಗೆ ಎಲ್ಲೆಲ್ಲಿ ಮುಟ್ಟಿದೆ, ಎಲ್ಲಿ ಮುಟ್ಟಿಲ್ಲ ಎಂದು ಅಳೆಯುವವನು ಸಿದ್ದಲಿಂಗೇಶ. ಇಬ್ಬರು ಮಾಡುವ ಕೆಲಸ ಅದು. ಪೈಪಿನ ದಾರಿಗುಂಟ ಅಲ್ಲಲ್ಲಿ ನಂಬರು ಹಾಕಿದ ಕಂಬಗಳಿವೆ. ಒಬ್ಬ ಕಂಬದ ಬುಡದಲ್ಲಿ ಮೀಟರು ಹಿಡಿದು ಕೂಡುತ್ತಾನೆ. ಇನ್ನೊಬ್ಬ ರೀಲಿನಿಂದ ಉದ್ದನೆಯ ವಾಯರು ಎಳೆದುಕೊಂಡು ಪೈಪಿನ ಗುಂಟ ನಡೆಯುತ್ತಾನೆ. ವಾಯರಿನ ತುದಿಗೆ ಮೈಲುತುತ್ತದ ನೀಲಿ ನೀರು ತುಂಬಿದ ಗೇಣುದ್ದದ ಕೊಳವೆ. ಇಪ್ಪತ್ತು ಹೆಜ್ಜೆಗೊಮ್ಮೆ ಅದನ್ನು ನೆಲಕ್ಕೆ ಊರಿ, ವಾಯರನ್ನು ಎರಡು ಸಲ ಜಗ್ಗುತ್ತಾನೆ. ಊರಿದ್ದೇನೆ, ಮೀಟರು ನೋಡು ಎಂದು ಅದರ ಅರ್ಥ. ಎಂಟುನೂರ ಐವತ್ತು ಮಿಲಿವೋಲ್ಟ್ ದಾಟಿದರೆ ಪೈಪು ಕ್ಷೇಮ. ಅದಕ್ಕಿಂತ ಕಡಿಮೆ ಬಂದರೆ ನೆಲದೊಳಗೆ ಪೈಪನ್ನು ತುಕ್ಕು ತಿನ್ನುತ್ತಿದೆ ಎಂದು ಲೆಕ್ಕ.

ಒಂಬತ್ತು ವರ್ಷದಿಂದ ಅವನು ಗುತ್ತಿಗೆಯ ಮೇಲೆಯೇ ಇದ್ದ. ಅವನ ಕೆಳಗೆ ಕಲಿತವರು ಮುಂದೆ ಹೋದರು, ಇವನು ಅದೇ ಮೀಟರು ಹೊತ್ತು ಬಿಸಿಲಲ್ಲಿ ತಿರುಗಿದ. ಕೊನೆಗೆ ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ಪೈಪು ತಪಾಸಣೆಯ ಕಾಯಂ ನೌಕರಿ ಗಟ್ಟಿಯಾಗುವ ಹಂತಕ್ಕೆ ಬಂದಿತ್ತು. ಹೆಂಡತಿ ನೇತ್ರಾ ಅಲ್ಲಿ ಬಾಡಿಗೆ ಮನೆ ಸಹ ವಿಚಾರಿಸಿದ್ದಳು. ಅವರು ಕೇಳಿದ್ದು ಅನುಭವದ ಪತ್ರ ಒಂದೇ. ಮರುದಿನ ಮಧ್ಯಾಹ್ನದೊಳಗೆ ಕಳಿಸಬೇಕಿತ್ತು. ಪತ್ರ ಟೈಪಾಗಿ ಇಲ್ಲಿಯ ಗುತ್ತಿಗೆದಾರರ ಮ್ಯಾನೇಜರ್ ಅರುಣಕುಮಾರನ ಡ್ರಾದಲ್ಲೇ ಇತ್ತು. ಆದರೆ ಇಪ್ಪತ್ಮೂರನೆಯ ಕಂಬದ ರೀಡಿಂಗು ಸರಿಯಾಗಿ ಬರುವ ತನಕ ಸಹಿ ಹಾಕುವುದಿಲ್ಲ ಎಂದು ಅವನ ಹಟ.

ಆ ಕಂಬದಿಂದ ನೂರಿಪ್ಪತ್ತು ಹೆಜ್ಜೆಗೆ ರೀಡಿಂಗು ಐನೂರ ಎಂಬತ್ತು ಬರುತ್ತಿತ್ತು. ಎರಡು ಸಲ ಬಿಡಿ ಹಾಳೆಯಲ್ಲಿ ಬರೆದು ತೋರಿಸಿದ್ದ. ಮೊದಲ ಸಲ ಮ್ಯಾನೇಜರ್ ಮೀಟರು ಕೆಟ್ಟಿದೆ ಅಂದ. ಎರಡನೆಯ ಸಲ ನೆಲ ಒಣಗಿದೆ, ನೀರು ಹಾಕಿ ನೋಡು ಅಂದ. ಹಾಕಿದರೂ ಅಷ್ಟೇ ಬಂತು. ಆ ಜಾಗಕ್ಕೆ ಹತ್ತಿಕೊಂಡೇ ಒಣದ್ರಾಕ್ಷಿಯ ಶೆಡ್ಡು ಇದೆ, ಹಗಲೆಲ್ಲ ಹದಿನೆಂಟು ಹೆಣ್ಣುಮಕ್ಕಳು ಕೆಲಸ ಮಾಡುತ್ತಾರೆ, ಪೈಪು ಒಡೆದರೆ ಶೆಡ್ಡೇ ಕೊಚ್ಚಿಹೋಗುತ್ತದೆ ಎಂದು ಇವನು ಹೇಳಿದ. ಅಗೆದು ತಿದ್ದುವ ಖರ್ಚು ಗುತ್ತಿಗೆದಾರರ ತಲೆಗೇ ಬರುತ್ತಿತ್ತು. ಮ್ಯಾನೇಜರ್ ಫೈಲು ಮುಚ್ಚಿದ.

"ನಿನಗ ಪತ್ರ ಬೇಕೋ, ಐನೂರಾ ಎಂಬತ್ತ ಬೇಕೋ?"

ಹೀಗೆ ಮೂರನೆಯ ಸಲ ಬಂದಿದ್ದ. ಪೈಪಿಗೆ ಕರೆಂಟು ಕೊಡುವ ಪೆಟ್ಟಿಗೆ ನಡೆಯಬೇಕಾದರೆ ಹಳ್ಳಿಯ ತ್ರೀಫೇಸ್ ಬರಬೇಕು, ಅದು ಆ ವಾರ ರಾತ್ರಿ ಪಾಳಿ. ಏಳು ಗಂಟೆಯಿಂದ ಕಾದ. ಬರಲಿಲ್ಲ. ಊಟ ತರುತ್ತೇನೆಂದು ಬೈಕ್ ಹತ್ತಿ ಹೋದ ಜೊತೆಗಾರ ಸೊಹೇಲನೂ ಬರಲಿಲ್ಲ. ಇವನಿಗಿಂತ ಐದು ವರ್ಷ ಹಿರಿಯ, ಮಾತಿನ ಮಲ್ಲ, ಎಲ್ಲೋ ಹರಟೆಗೆ ಕೂತಿರಬೇಕು ಎಂದುಕೊಂಡ. ಸಾಕಾಯಿತು. ಮನೆಯಲ್ಲೇ ಕೂತು ಒಂಬೈನೂರು ಎಂದು ಬರೆದುಬಿಡೋಣ ಎಂದು ಎದ್ದು ಹೊರಟಿದ್ದ.

ಬಾವಿ ದಾಟುವುದಕ್ಕೂ ಕರೆಂಟು ಬರುವುದಕ್ಕೂ ಸರಿಹೋಯಿತು. ತೋಟದ ಸ್ಟಾರ್ಟರುಗಳು ಟಕ್... ಟಕ್... ಅಂದವು. ದೂರದಲ್ಲೊಂದು ಮೋಟರು ಗುಂಯ್ ಎಂದು ಶುರುವಾಯಿತು. ಸಿದ್ದಲಿಂಗೇಶ ಅಲ್ಲೇ ನಿಂತ. ತನ್ನನ್ನೇ ಬೈದುಕೊಂಡು ತಿರುಗಿ ನಡೆದ.

ಕಂಬ ಇನ್ನೂ ಹತ್ತು ಮಾರು ದೂರ ಇದ್ದಾಗ ಸದ್ದು ಕೇಳಿತು. ಕಿರ್... ಕಿರ್... ಕಿರ್...

ಅವನು ಬಿಟ್ಟುಹೋಗಿದ್ದ ರೀಲು ತಿರುಗುತ್ತಿತ್ತು. ವಾಯರು ನೆಲದ ಮೇಲೆ ಹರಿದು ಕತ್ತಲೊಳಗೆ ಹೋಗುತ್ತಿತ್ತು. ಸೊಹೇಲ ಬಂದು ಕೆಲಸ ಶುರು ಮಾಡಿದ್ದಾನೆ ಎಂದುಕೊಂಡ. ಹೆಸರು ಹಿಡಿದು ಕೂಗಿದ. ಉತ್ತರ ಬರಲಿಲ್ಲ. ತಡ ಮಾಡಿದ್ದಕ್ಕೆ ನಾನು ಬೈತೇನೆ ಎಂದು ಸುಮ್ಮನಿದ್ದಾನೆ, ಇರಲಿ, ಮಾತಿಲ್ಲದಿದ್ದರೆ ಕೆಲಸ ಬೇಗ ಮುಗಿಯುತ್ತದೆ. ಕೂತು ಮೀಟರು ಜೋಡಿಸಿದ.

ರೀಲು ನಿಂತಿತು. ವಾಯರು ಎರಡು ಸಲ ಜಗ್ಗಿತು. ಮೀಟರಿನಲ್ಲಿ ಒಂಬೈನೂರ ಹತ್ತು. ಬರೆದ.

ಕಿರ್... ಕಿರ್... ಎರಡು ಜಗ್ಗು. ಒಂಬೈನೂರ ಐದು. ಮತ್ತೆ ಎಂಟುನೂರ ತೊಂಬತ್ತು, ಎಂಟುನೂರ ಎಂಬತ್ತು, ಎಂಟುನೂರ ಎಪ್ಪತ್ತು. ಸೊಹೇಲ ಇಷ್ಟು ನೇಮದಿಂದ ಎಂದೂ ನಡೆದವನಲ್ಲ. ಒಂದೊಂದು ಕಡೆ ಊರುವ ಮುಂಚೆ ಎರಡು ಮಾತಾದರೂ ಆಡುತ್ತಿದ್ದ.

ಆರನೆಯದು. ಐನೂರ ಎಂಬತ್ತು.

ಮತ್ತೆ ಊರು ಎಂದು ಕೂಗಿದ. ಎರಡು ಜಗ್ಗು. ಐನೂರ ಎಂಬತ್ತು. ಇನ್ನೊಮ್ಮೆ ಕೂಗಿದ. ಅಷ್ಟೇ. ಅವನ ಕಣ್ಣಲ್ಲಿ ನೀರು ಬಂತು, ದುಃಖಕ್ಕಲ್ಲ, ಸಿಟ್ಟಿಗೆ. ಪೆನ್ನು ಒತ್ತಿ ಹಿಡಿದು ಆರನೆಯ ಸಾಲಿನಲ್ಲಿ ಒಂಬೈನೂರು ಎಂದು ಬರೆದ.

ವಾಯರು ಬಿಗಿಯಾಯಿತು. ಎರಡು ಸಲ ಅಲ್ಲ... ಒಂದೇ ಜಗ್ಗು, ಉದ್ದಕ್ಕೆ, ಬಿಡಲೇ ಇಲ್ಲ. ರೀಲು ಕುಂಯ್ಯೆಂದಿತು.

"ಎಷ್ಟ ಬಂತ?"

ದೂರದಿಂದ ಕೂಗಿದ ದನಿಯಲ್ಲ ಅದು. ನೂರಿಪ್ಪತ್ತು ಹೆಜ್ಜೆ ಆಚೆ ಇರಬೇಕಾದವನು ಬೆನ್ನ ಹಿಂದೆ ಕೂತು ಪಿಸುಗುಟ್ಟಿದ ಹಾಗಿತ್ತು. ಸಿದ್ದಲಿಂಗೇಶ ಹಿಂತಿರುಗಲಿಲ್ಲ. ಕುತ್ತಿಗೆ ಹೊರಳಲಿಲ್ಲ ಎಂದು ಆಮೇಲೆ ಹೇಳಿದ.

"ಒಂಬತ್ನೂರ."

ಮೋಟರಿನ ಗುಂಯ್ ಸದ್ದು ಮಾತ್ರ ಇತ್ತು. ವಾಯರು ಇನ್ನಷ್ಟು ಬಿಗಿಯಾಯಿತು.

"ಎಷ್ಟ ಬಂತ?"

ಡ್ರಾದೊಳಗಿನ ಪತ್ರ ಕಣ್ಣ ಮುಂದೆ ಬಂತು, ಹುಬ್ಬಳ್ಳಿಯ ಮನೆ ಬಂತು.

"ಐನೂರಾ ಎಂಬತ್ತ," ಅಂದ.

"ಬರಿ."

ಅವನು ಒಂಬೈನೂರಕ್ಕೆ ಗೆರೆ ಎಳೆದು ಪಕ್ಕದಲ್ಲಿ ಐನೂರ ಎಂಬತ್ತು ಎಂದು ಬರೆದ. ವಾಯರು ಸಡಿಲಾಗಿ ನೆಲಕ್ಕೆ ಬಿತ್ತು... ತಪ್. ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ಸೊಹೇಲ.

"ಸಿದ್ದ್ಯಾ, ಬೈಬ್ಯಾಡೋ. ಇಟ್ಟಂಗಿಹಾಳದ ಹತ್ರ ಗಾಲಿ ಪಂಕ್ಚರ್ ಆಗೇತಿ. ಎರಡ ತಾಸಾತು, ತಿದ್ದಾಂವ ಉಂಡ ಮಲಗ್ಯಾನ, ಎಬ್ಬಸಾಕತ್ತೇನಿ. ಕರೆಂಟ್ ಬಂದ್ರೂ ನೀ ಶುರು ಮಾಡಬ್ಯಾಡ. ಕೊಳವಿ ನನ್ನ ಬ್ಯಾಗಿನ್ಯಾಗ ಉಳದೈತಿ."

ಸಿದ್ದಲಿಂಗೇಶ ವಾಯರಿನ ಗುಂಟ ಟಾರ್ಚು ಬಿಟ್ಟ.

"ಬಿರ್ಯಾನಿ ಆರಾಕತ್ತೇತಿ, ನಿನ್ನ ಪಾಲ ತಿಂದಬಿಡ್ಲೇನು?" ಎಂದ ಸೊಹೇಲ. ಆಮೇಲೆ ದನಿ ಇಳಿಸಿ, "ಲೇ... ಅದೀಯಿಲ್ಲೋ?" ಎಂದು ಕೇಳಿದ.

ರೀಲು ಸುತ್ತಿದಾಗ ವಾಯರು ಹಗುರಾಗಿ ಬಂತು. ತುದಿಯಲ್ಲಿ ಏನೂ ಇರಲಿಲ್ಲ.

ಮುಂಜಾನೆ ರಜಿಸ್ಟರು ತೋರಿಸಿದ. ಗೆರೆ ಎಳೆದದ್ದನ್ನು ನೋಡಿ ಮ್ಯಾನೇಜರ್, ಹೊಸ ಹಾಳೆಯ ಮೇಲೆ ಮತ್ತೆ ಬರಿ ಎಂದ. ಇವನು ಒಲ್ಲೆ ಅಂದ. ಯಾಕೆ ಅಂದರೆ ಏನು ಹೇಳುವುದು? ಮ್ಯಾನೇಜರ್ ಡ್ರಾ ತೆಗೆಯಲಿಲ್ಲ, ಪತ್ರ ಸಿಗಲಿಲ್ಲ, ಮಧ್ಯಾಹ್ನ ಕಳೆಯಿತು. ನೇತ್ರಾ ಬಾಡಿಗೆ ಮನೆಯವರಿಗೆ ಬೇಡವೆಂದು ಫೋನು ಮಾಡಿದಳು. ಹುಬ್ಬಳ್ಳಿಯ ನೌಕರಿ ಬೇರೆ ಯಾರಿಗೋ ಆಯಿತು. ಅವನು ಈಗಲೂ ಗುತ್ತಿಗೆಯ ಮೇಲೆಯೇ ಇದ್ದಾನೆ.

ಆದರೆ ರಜಿಸ್ಟರಿನಲ್ಲಿ ಬರೆದದ್ದರ ಕಾರ್ಬನ್ ಪ್ರತಿ ನೇರವಾಗಿ ನೀರಿನ ಇಲಾಖೆಗೆ ಹೋಗುವ ಪದ್ಧತಿ ಇತ್ತು. ಅಲ್ಲಿಯ ಇಂಜಿನಿಯರ್ ಓದಿ, ನೀರು ನಿಲ್ಲಿಸಿ, ಅಗೆದು ನೋಡಿ ಎಂದು ಬರೆದರು. ಹದಿನೈದು ದಿನಕ್ಕೆ ಜೆಸಿಬಿ ಬಂತು. ಆವತ್ತು ಸಿದ್ದಲಿಂಗೇಶನ ಬೈಕಿನ ಹಿಂದೆ ಕೂತು ನಾನೂ ಹೋಗಿದ್ದೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ. ಕೊನೆಯ ಮೊಳದಷ್ಟು ಮಣ್ಣನ್ನು ಸಲಿಕೆಯಿಂದ ತೆಗೆದರು. ಪೈಪಿನ ಲೇಪ ಉಬ್ಬಿ ಹರಿದಿತ್ತು. ಸೊಹೇಲ ಇಳಿದು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಬೇರೆ ಕಡೆ ಠಣ್ ಅಂದ ಪೈಪು ಅಲ್ಲಿ ಧಪ್ ಅಂದಿತು, ತುಕ್ಕು ತಿಂದು ಉಕ್ಕು ತೆಳ್ಳಗಾಗಿತ್ತು. ಇನ್ನೊಂದು ತಿಂಗಳು ತಡೆಯುತ್ತಿರಲಿಲ್ಲ. ಶೆಡ್ಡಿನ ಹೆಣ್ಣುಮಕ್ಕಳು ಗುಂಡಿಯ ದಂಡೆಗೆ ಬಂದು ನಿಂತು ನೋಡುತ್ತಿದ್ದರು.

ತಪಾಸಣೆಯವರು ಕೆಟ್ಟ ಜಾಗ ಸಿಕ್ಕಾಗ ಅದರ ಸುತ್ತ ಸೀಮೆಸುಣ್ಣದಿಂದ ಗುಂಡಗೆ ಗೆರೆ ಹಾಕುತ್ತಾರೆ. ಸಿದ್ದಲಿಂಗೇಶ ಸುಣ್ಣದ ಕಡ್ಡಿ ಹಿಡಿದು ಬಗ್ಗಿದ. ಬಗ್ಗಿದವನು ಹಾಗೇ ನಿಂತ.

ಪೈಪು ಹೂತ ಮೇಲೆ ಎಂಟು ವರ್ಷ ಯಾರೂ ಅಗೆಯದ ಆ ಹಸಿ ಮಣ್ಣಿನ ಕೆಳಗೆ, ಹರಿದ ಲೇಪದ ಸುತ್ತ, ಬಿಳಿಯ ಗೆರೆ ಮೊದಲೇ ಇತ್ತು. ನಾನು ನೋಡಿದೆ. ಅವನು ಅದರ ಮೇಲೆ ಹೆಬ್ಬೆರಳು ಎಳೆದ. ಬೆರಳಿಗೆ ಸುಣ್ಣದ ಪುಡಿ ಹತ್ತಿತು, ಒಣಪುಡಿ.