ಮೂರ್ಛೆ ಹೋದ ಮಾವ

ನಾನು ಧಾರಾವಾಹಿಯಲ್ಲಿ ಕಣ್ಣು ಮುಚ್ಚಿದರೆ ಸಾಕು, ಇಡೀ ಕೊರಿಯಾ ಅತ್ತು ಹಾನ್ ನದಿಗೆ ಪ್ರವಾಹ ಬರುತ್ತದೆ. ಮೊನ್ನೆ ಮಾಸಾನ್ ಪಟ್ಟಣದ ಸಲೂನಿನಲ್ಲಿ ಕೂದಲು ಗುಂಗುರು ಮಾಡಿಸಿಕೊಳ್ಳುತ್ತಿದ್ದ ಇಬ್ಬರು ಹೆಂಗಸರು ಟಿವಿಯಲ್ಲಿ ನಮ್ಮ ಧಾರಾವಾಹಿಯನ್ನೇ ನೋಡುತ್ತಿದ್ದರು. ಕೂದಲು ಕತ್ತರಿಸಿಕೊಳ್ಳಲು ಹೋಗಿದ್ದ ನಾನು ಹೊಗಳಿಕೆ ಕೇಳಲು ಹಿಂದಿನ ಕುರ್ಚಿಯಲ್ಲಿ ಕಿವಿಗೊಟ್ಟು ಕುಳಿತೆ.

"ಮಾಲ್ಸುಕ್, ಆ ಸೊಸೆ ಅಳೋದು ನೋಡೇ! ಕಣ್ಣಲ್ಲಿ ಒಂದು ಹನಿ ಇಲ್ಲ."

"ಅತ್ರೆ ಮುಖದ ಬಣ್ಣ ಹೋಗುತ್ತಲ್ಲ, ಒಕ್‌ಬುನಕ್ಕ!"

"ಅತ್ತೆ ಕೆನ್ನೆಗೆ ಹೊಡೆದದ್ದೂ ನೊಣ ಓಡಿಸಿದ ಹಾಗಿತ್ತು."

"ಅವರೇ ವಾಸಿ. ಮೂರ್ಛೆ ಹೋಗಿರೋ ಮಾವನ್ನ ನೋಡು. ಒಂದು ಮಾತೂ ಇಲ್ಲದ ಪಾತ್ರ, ಸುಮ್ನೆ ಮಲಗೋಕೂ ಬರಲ್ಲ ದರಿದ್ರದವನಿಗೆ. ರೆಪ್ಪೆ ಪಟಪಟ ಅಂತಿದೆ!"

"ಲೈಟಿನ ಕಾವು ಕಣ್ರೀ, ರೆಪ್ಪೆ ಏನ್ಮಾಡುತ್ತೆ?" ಎಂದುಬಿಟ್ಟೆ.

ಇಬ್ಬರೂ ತಿರುಗಿದರು.

"ಅಯ್ಯೋ, ಇವರೇ ಕಣಕ್ಕ ಆ ಮಾವ!"

"ಸುಳ್ಳು ಹೇಳ್ಬೇಡಿ. ಕಾವಿಗೆ ಯಾರಾದ್ರೂ ತುಟೀನೂ ಅಲ್ಲಾಡಿಸ್ತಾರಾ?"

"ನಿಜವಾಗ್ಲೂ ನಿದ್ದೆ ಹೋಗಿದ್ದೆ, ತಾಯಿ. ಕನಸಲ್ಲಿ ನಂಗೂ ಹೇಳೋಕೆ ಒಂದು ಮಾತು ಕೊಟ್ಟಿದ್ರು."