ಫೋನಿನ ಡಾಕ್ಟರು

ಸರ್ಕಾರಿ ಆಸ್ಪತ್ರೆಯ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದ ಟೀಚರಮ್ಮನಿಗೆ, ಪಕ್ಕದಲ್ಲಿ ಕೂತಿದ್ದ ದರ್ಜಿ ಮತ್ತು ಅವನ ಹೆಂಡತಿಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ದರ್ಜಿಯ ಮುಖ ಸಿಟ್ಟಿನಿಂದ ಊದಿಕೊಂಡಿತ್ತು.

“ಇಷ್ಟು ದಿನ ನಿನ್ನ ಡಾಕ್ಟರು ಫೋನಲ್ಲೇ ನೋಡ್ತಿದ್ರಲ್ಲ, ಇವತ್ತು ಇಲ್ಲೀವರೆಗೂ ಯಾಕೆ?”

“ಎದೆಬಡಿತ ಕೇಳಬೇಕಂತೆ. ಅದು ಫೋನಲ್ಲಿ ಆಗುತ್ತೇನ್ರೀ?”

“ಅದಕ್ಕೆ ಎರಡೆರಡು ಸಲ ಕನ್ನಡಿ ನೋಡ್ಕೋಬೇಕಿತ್ತಾ?”

“ಥೂ! ಆ ಡಾಕ್ಟರಿಗೆ ನಮ್ಮ ಮಗನ ವಯಸ್ಸು.”

“ಇರಲಿ. ಉಸಿರು ಕಟ್ಟೋದು, ಕಾಲು ಊದೋದು, ಎಲ್ಲಾ ಅವನಿಗೆ ಹೇಳ್ತೀಯ. ನಾನು ಬಾಗಿಲ ಹಿಂದೆ ನಿಂತು ಕೇಳಿಸ್ಕೋಬೇಕು.”

“ಅವರು ಕೇಳ್ತಾರೆ, ಹೇಳ್ತೀನಿ.”

“ನಾನೇನು ಕೇಳಲ್ವಾ?”

“ಕೇಳ್ತೀರ. ಆದರೆ ನಾನು ಕೆಮ್ಮಿದರೂ ಹೊಲಿಗೆ ಬಿಟ್ಟು ಓಡಿ ಬರ್ತೀರ. ನೋವು ಅಂದ ದಿನ ಊಟ ಬಿಡ್ತೀರ. ಅವರಾದರೆ ಬರ್ಕೊಂಡು ಮುಂದಿನ ಪೇಷೆಂಟ್ ನೋಡ್ತಾರೆ.”

ಅಷ್ಟರಲ್ಲಿ ನರ್ಸ್ ಬಾಗಿಲಲ್ಲಿ ನಿಂತು ದಂಪತಿಯನ್ನು ಕರೆದಳು. ಹೆಂಡತಿ ಏಳುವ ಮೊದಲೇ ದರ್ಜಿ ಎದ್ದು ನಿಂತು ಅವಳ ತೋಳು ಹಿಡಿದ.

“ಈ ಸಲ ನನ್ನೆದುರಿಗೇ ಹೇಳು. ಒಂದು ಹೊತ್ತು ಊಟ ಬಿಟ್ಟರೆ ನಾನೇನೂ ಸಾಯಲ್ಲ.”

ಟೀಚರಮ್ಮ ಕಾಲು ಮಡಚಿ ದಾರಿ ಬಿಟ್ಟರು. ಇಬ್ಬರೂ ಒಳಗೆ ಹೋದರು.